ಅಳತೆ ಪುಸ್ತಕದ ಹಿಂದಿನ ಹಾಳೆಗಳು

ನನ್ನ ಅಂಗಡಿಯಲ್ಲಿ ಒಂದು ಉದ್ದನೆಯ ಅಳತೆ ಪುಸ್ತಕ ಇದೆ. ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳಿನ ಉದ್ದ, ಕತ್ತಿನ ಡೀಪು. ಈ ಏಪ್ರಿಲ್‌ನಲ್ಲಿ ಅದನ್ನು ತಿರುಗಿಸಿ ಹಿಂದಿನಿಂದ ಬರೆಯಲು ಶುರು ಮಾಡಿದೆ. ಅಲ್ಲಿರುವುದು ಒಬ್ಬಳದೇ ಅಳತೆ, ನನ್ನದು. ಎಷ್ಟು ದೂರ ಓಡಿದೆ, ಎಲ್ಲಿ ನೋವು ಬಂತು, ಯಾವ ಹೊಲಿಗೆ ಬಿಚ್ಚಿಕೊಂಡಿತು, ಏನು ಮಾಡಿದ ಮೇಲೆ ಸರಿ ಹೋಯಿತು. ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಇಳಿಸುತ್ತಿದ್ದೇನೆ.

ಮೈಸೂರಿನ ಸರಸ್ವತಿಪುರಂ ಕಡೆ ನನ್ನದು ಬ್ಲೌಸ್ ಅಂಗಡಿ. ವಯಸ್ಸು 43. 19 ವರ್ಷದಿಂದ ದಿನಕ್ಕೆ ಒಂಬತ್ತು ಗಂಟೆ ಕೂತೇ ಕೆಲಸ. ಓಟದ ಹುಚ್ಚು ಹತ್ತಿದ್ದು ಒಂದು ಟೀ ಶರ್ಟಿನಿಂದ. ಹಳೆಯ ಗಿರಾಕಿ ಒಬ್ಬರು ಅದನ್ನು ಫಿಟ್ಟಿಂಗ್ ಮಾಡಿಕೊಡಿ ಅಂತ ತಂದಿದ್ದರು. ಕಾವೇರಿ ಟ್ರೇಲ್ ಮ್ಯಾರಥಾನಿನದು. ರಂಗನತಿಟ್ಟಿನ ಹತ್ತಿರ, ವಿರಿಜಾ ನಾಲೆಯ ಪಕ್ಕದ ಮಣ್ಣು ದಾರಿಯಲ್ಲಿ 21 ಕಿಲೋಮೀಟರ್ ಓಡಿ ಬಂದೆ ಅಂದರು. ನಾನು ಅವರ ಮುಖ ನೋಡಲಿಲ್ಲ. ಪುಸ್ತಕ ತೆಗೆದು ಅಳತೆ ನೋಡಿದೆ. ಸೊಂಟ 38. ನನ್ನದು 34. ವಯಸ್ಸೂ ನನಗಿಂತ ಒಂದೆರಡು ವರ್ಷ ಜಾಸ್ತಿಯೇ. ಇವರಿಗೆ ಆಗುವುದಾದರೆ ನನಗ್ಯಾಕೆ ಆಗಬಾರದು?

ಏಪ್ರಿಲ್

ಮೊದಲ ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ. ಹಳೆಯ ಚೂಡಿದಾರ್, ಕಾಲಿಗೆ ಮಗಳ ಶೂ. ಓಡಿದೆ. ಸರಿಯಾಗಿ ಒಂದೂವರೆ ನಿಮಿಷ. ಆಮೇಲೆ ಒಂದು ಮರ ಹಿಡಿದು ನಿಂತೆ. ಕೆರೆಯಲ್ಲಿ ಹೆಜ್ಜಾರ್ಲೆಗಳು ಆರಾಮಾಗಿ ತೇಲುತ್ತಿದ್ದವು, ನನ್ನ ಕಿವಿಯಲ್ಲಿ ಮಾತ್ರ ಡೋಲು.

ಅಲ್ಲಿ ದಿನಾ ಬರುವ ಒಬ್ಬರು ಹಿರಿಯರು ಇದ್ದಾರೆ. ರಿಟೈರ್ ಆದ ಪಿ.ಟಿ. ಮೇಷ್ಟ್ರು. ನನ್ನನ್ನು ನೋಡಿ, "ಏನಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದರು. ವಿಷಯ ಹೇಳಿದೆ. ನಗಲಿಲ್ಲ. ಒಂದು ನಿಮಿಷ ಓಡು, ಎರಡು ನಿಮಿಷ ನಡಿ, ಹತ್ತು ಸಲ, ವಾರಕ್ಕೆ ಮೂರು ದಿನ ಸಾಕು ಅಂದರು. "ಓಡ್ತಾ ಓಡ್ತಾ ನನ್ನ ಜೊತೆ ಮಾತಾಡೋಕೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಜೋರಾಯ್ತು ಅಂತ ಅರ್ಥ."

ಇದು ಕೇಳಲು ಸುಲಭ, ಮಾಡಲು ನಾಚಿಕೆ. ಮಾತಾಡುತ್ತಾ ಓಡುವ ವೇಗದಲ್ಲಿ ನನ್ನನ್ನು ವಾಕಿಂಗ್ ಮಾಡುವವರೇ ಹಿಂದೆ ಹಾಕುತ್ತಿದ್ದರು. ಸ್ವೆಟರ್, ಮಂಕಿ ಕ್ಯಾಪ್ ಹಾಕಿದ ತಾತ ಒಬ್ಬರು ಎರಡು ಸಲ ದಾಟಿಕೊಂಡು ಹೋದರು. ಏಪ್ರಿಲ್‌ನಲ್ಲಿ ಮಂಕಿ ಕ್ಯಾಪ್! ಆದರೂ ಮೇಷ್ಟ್ರು ಹೇಳಿದ್ದನ್ನು ಬಿಡಲಿಲ್ಲ. ತಿಂಗಳ ಕೊನೆಗೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ನನ್ನ ಫೋನಿನ ಪ್ರಕಾರ ಕೆರೆಯ ಒಂದು ಸುತ್ತು ನಾಲ್ಕು ಕಿಲೋಮೀಟರಿನ ಮೇಲೆ ಚಿಲ್ಲರೆ. ಅದಕ್ಕೆ 40 ನಿಮಿಷ ಹಿಡಿಯಿತು.

ಮೂರನೇ ವಾರ ಸ್ವಂತ ಶೂ ಕೊಂಡೆ. ಇಲ್ಲಿ ನನ್ನ ಕಸುಬಿಗೇ ಅವಮಾನ ಆಗುವಂಥ ತಪ್ಪು ಮಾಡಿದೆ. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ, ತೆಳ್ಳನೆ ಸಾಕ್ಸ್ ಹಾಕಿಕೊಂಡು, ಕೂತಲ್ಲೇ ಕಾಲಿಗೆ ಏರಿಸಿ, ಕರೆಕ್ಟಾಗಿ ಕೂತಿದೆ ಅಂತ ತಂದುಬಿಟ್ಟೆ. ಎರಡೇ ವಾರಕ್ಕೆ ಬಲಗಾಲಿನ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣ. ಗಿರಾಕಿಗಳಿಗೆ ದಿನಾ ಹೇಳುವವಳು ನಾನು: ಕೈ ಎತ್ತಿ ನೋಡಿ, ಕೂತು ನೋಡಿ, ಬಗ್ಗಿ ನೋಡಿ, ಆಮೇಲೆ ಫಿಟ್ಟಿಂಗ್ ಹೇಳಿ ಅಂತ. ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗ ಇನ್ನೂ ಜಾಸ್ತಿ. ಪ್ರತಿ ಹೆಜ್ಜೆಗೂ ಶೂ ಒಳಗೆ ಮುಂದಕ್ಕೆ ಜಾರುತ್ತದೆ. ಮಾರ್ಜಿನ್ ಬಿಡದೆ ಕತ್ತರಿಸಿದರೆ ಬಟ್ಟೆ ಹರಿಯುತ್ತದೆ. ಇಲ್ಲಿ ಉಗುರು ಹೋಯಿತು, ಅಷ್ಟೇ.

ಎರಡನೇ ಜೊತೆಯನ್ನು ಸಂಜೆ ಹೋಗಿ, ಓಡುವ ಸಾಕ್ಸ್ ಹಾಕಿಕೊಂಡು, ನಿಂತು ನೋಡಿ ತಂದೆ. ಉದ್ದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ. ಹಿಮ್ಮಡಿ ಸ್ವಲ್ಪ ಜಾರುತ್ತಿತ್ತು. ಶೂವಿನ ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಪಕ್ಕಕ್ಕೆ ಒಂದರಂತೆ ಎರಡು ಹೆಚ್ಚುವರಿ ತೂತು ಇರುತ್ತವಲ್ಲ, ಅವು ಯಾಕಿವೆ ಅಂತ ನನಗೆ ಗೊತ್ತೇ ಇರಲಿಲ್ಲ. ಲೇಸನ್ನು ಅದೇ ಪಕ್ಕದ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಬೇಕು. ಎದುರು ಪಕ್ಕದ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಬೇಕು. ಹಿಮ್ಮಡಿ ಅಲ್ಲಾಡುವುದಿಲ್ಲ, ಬೆರಳುಗಳ ಕಡೆ ಸಡಿಲವಾಗಿಯೇ ಇರುತ್ತದೆ. ಬ್ಲೌಸಿನ ಡೋರಿ ಇದ್ದಂಗೆ.

ಮೇ

ಮದುವೆ ಸೀಸನ್. ರಾತ್ರಿ ಹನ್ನೊಂದರವರೆಗೆ ಮೆಷಿನ್ ಮುಂದೆ. ವಾರಕ್ಕೆ ಎರಡೇ ದಿನ ಓಟ. ಬರೆಯುವಂಥದ್ದು ಒಂದೇ, ಉಜ್ಜಿದ ಗಾಯ.

ಚೂಡಿದಾರ್ ಬಿಟ್ಟು ಲೆಗ್ಗಿಂಗ್ಸ್, ಮೇಲೆ ಕಾಟನ್ ಕುರ್ತಾ ಹಾಕುತ್ತಿದ್ದೆ. 7 ಕಿಲೋಮೀಟರ್ ಓಡಿ ಬಂದು ಸ್ನಾನಕ್ಕೆ ನೀರು ಹಾಕಿಕೊಂಡರೆ ಕಂಕುಳಲ್ಲಿ ಬೆಂಕಿ. ಎದೆಯ ಕೆಳಗೂ ಒಂದು ಕೆಂಪು ಗೆರೆ, ಟೇಪು ಹಿಡಿದು ಎಳೆದ ಹಾಗೆ. ಕಾಟನ್ ಒಳ್ಳೆಯದು ಅಂತ ನಾವೆಲ್ಲ ಹೇಳುತ್ತೇವೆ. ಕೂತು ಕೆಲಸ ಮಾಡಲು ಒಳ್ಳೆಯದೇ. ಓಡುವಾಗ ಬೆವರನ್ನು ಕುಡಿದು, ಭಾರವಾಗಿ, ಮೈಗೆ ಅಂಟಿಕೊಂಡು ಉಜ್ಜುತ್ತದೆ.

ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಅರ್ಧ ಗಂಟೆಯೂ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಬಾಟಲಿಯಲ್ಲೇ ನೀರಾಗಿರುವ ಎಣ್ಣೆ ಮೈಮೇಲೆ ಎಷ್ಟು ಹೊತ್ತು ನಿಂತೀತು? ಪೆಟ್ರೋಲಿಯಂ ಜೆಲ್ಲಿ ನಿಲ್ಲುತ್ತದೆ. ಆದರೆ ಅದು ಗಾಯ ಮುಚ್ಚುವ ಉಪಾಯ. ತಪ್ಪು ಇದ್ದದ್ದು ಹೊಲಿಗೆಯಲ್ಲಿ.

ಜೂನ್: ಅಂಗಿ

ಕುರ್ತಾ ಬಿಚ್ಚಿ ಒಳಗಡೆ ಬೆರಳಾಡಿಸಿದೆ. ಕಂಕುಳಲ್ಲಿ ಪಕ್ಕದ ಹೊಲಿಗೆ ಒಂದು, ತೋಳಿನ ಅಡಿಯ ಹೊಲಿಗೆ ಒಂದು, ತೋಳು ಕೂಡಿಸಿದ ಹೊಲಿಗೆ ಹಿಂದೆ ಮುಂದೆ ಎರಡು, ನಾಲ್ಕೂ ಒಂದೇ ಕಡೆ ಬಂದು ಸೇರುತ್ತವೆ. ಅದರ ಮೇಲೆ ಅಂಚಿನ ಎಳೆ ಬಿಡದಿರಲು ಹಾಕುವ ಓವರ್‌ಲಾಕ್. ಕಡಲೆಕಾಳಿನಷ್ಟು ಗಂಟು. ತೋಳು ಹಿಂದೆ ಮುಂದೆ ಹೋದಾಗಲೆಲ್ಲ ಆ ಗಂಟು ಅದೇ ಜಾಗದಲ್ಲಿ ಉಜ್ಜುತ್ತದೆ. 7 ಕಿಲೋಮೀಟರಿಗೆ ಎಷ್ಟು ಸಾವಿರ ಸಲ, ನೀವೇ ಲೆಕ್ಕ ಹಾಕಿ.

ದೇವರಾಜ ಅರಸು ರಸ್ತೆ ಕಡೆ ಹೋದಾಗ ಬೆವರು ಬೇಗ ಆರುವ ಡ್ರೈ ಫಿಟ್ ಬಟ್ಟೆ ಎರಡು ಮೀಟರ್ ತಂದೆ. ತೊಡೆಯ ಅರ್ಧದವರೆಗೆ ಬರುವ ಉದ್ದ, ಎರಡೂ ಪಕ್ಕ ಕಟ್. ಕಂಕುಳಲ್ಲಿ ಮೂರು ಇಂಚಿನ ಚೌಕ ತುಂಡು ಮೂಲೆ ಮಾಡಿ ಕೂರಿಸಿದೆ. ಹಳೇ ಕಾಲದ ಅಂಗಿಗಳಲ್ಲಿ ಇರುತ್ತಿತ್ತು, ಈಗ ಹಾಕುವವರು ಕಡಿಮೆ. ಅದರಿಂದ ನಾಲ್ಕು ಹೊಲಿಗೆ ಒಂದೇ ಕಡೆ ಸೇರುವುದು ತಪ್ಪಿತು, ಕೈ ಎತ್ತಿದರೆ ಅಂಗಿ ಮೇಲೆ ಬರುವುದೂ ನಿಂತಿತು. ಆಮೇಲೆ ಒಂದು ಸಣ್ಣ ಯೋಚನೆ ಬಂತು. ಹೊಲಿಗೆಯ ಅಂಚು ಒಳಗಡೆಯೇ ಯಾಕಿರಬೇಕು? ಅಷ್ಟೂ ಅಂಚನ್ನು ಹೊರಗೆ ಬರುವ ಹಾಗೆ ಹೊಲಿದೆ. ಒಳಗಡೆ ನುಣುಪು, ಹೊರಗಡೆ ಓವರ್‌ಲಾಕ್ ಕಾಣುತ್ತದೆ. ಕತ್ತಿನ ಲೇಬಲ್ ಇಲ್ಲ, ನಾನೇ ಹೊಲಿದದ್ದಕ್ಕೆ ಲೇಬಲ್ ಯಾಕೆ?

ನಮ್ಮನೆಯವರು ನೋಡಿ, "ಉಲ್ಟಾ ಹಾಕ್ಕೊಂಡಿದೀಯಲ್ಲೇ" ಅಂದರು. ಕೆರೆ ಹತ್ತಿರ ಮೂರು ಜನ ಅದನ್ನೇ ಹೇಳಿದರು. ಒಬ್ಬರು ಪಾಪ, ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು. ಮೇಷ್ಟ್ರು ಮಾತ್ರ ಮುಟ್ಟಿ ನೋಡಿ, "ಇದು ಸರಿ" ಅಂದರು.

ಆ ಅಂಗಿಯಲ್ಲಿ 10 ಕಿಲೋಮೀಟರ್ ಓಡಿದ ದಿನ ಸ್ನಾನದ ನೀರು ಉರಿಯಲಿಲ್ಲ. ಪುಸ್ತಕದಲ್ಲಿ ಅದೊಂದೇ ಸಾಲು ಇದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಜೂನ್ ಕೊನೆ: ಸೊಂಟದ ಪಟ್ಟಿ

ಫೋನು, ಮನೆ ಕೀ, ಖರ್ಜೂರ. ಇಷ್ಟಕ್ಕೆ ಜಾಗ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಬೆಲ್ಟು ಕೊಳ್ಳಬಹುದಿತ್ತು. ಆದರೆ ಟೈಲರ್ ದುಡ್ಡು ಕೊಟ್ಟು ಜೇಬು ಕೊಳ್ಳುವುದು ಅಂದರೆ, ಛೆ. ಶಾಲೆಯೊಂದರ ಡ್ಯಾನ್ಸ್ ಡ್ರೆಸ್ ಹೊಲಿದು ಉಳಿದ ಕಪ್ಪು ಲೈಕ್ರಾ ಮೂಲೆಯಲ್ಲಿತ್ತು.

ಮೊದಲನೆಯದು ಕೆಟ್ಟು ಹೋಯಿತು, ಎರಡು ಕಾರಣಕ್ಕೆ. ಬಟ್ಟೆ ಉಳಿಸಲು ಉದ್ದಕ್ಕೆ ಕತ್ತರಿಸಿದೆ. ಆ ಬಟ್ಟೆ ಹಿಗ್ಗುವುದು ಅಡ್ಡಕ್ಕೆ. ಹಾಗಾಗಿ ಪಟ್ಟಿ ಸೊಂಟದ ಮೂಳೆ ದಾಟಿ ಮೇಲೇರಲೇ ಇಲ್ಲ. ಒತ್ತಾಯದಿಂದ ಎಳೆದಾಗ ಹೊಲಿಗೆ ಟಕ್ ಟಕ್ ಅಂತ ಕಿತ್ತುಕೊಂಡಿತು, ಯಾಕೆಂದರೆ ಬ್ಲೌಸಿನ ಅಭ್ಯಾಸದಲ್ಲಿ ಸೀದಾ ಹೊಲಿಗೆ ಹಾಕಿದ್ದೆ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ.

ಎರಡನೆಯದರ ಅಳತೆ, ಬೇಕಾದವರಿಗೆ ಇರಲಿ. ಪಟ್ಟಿ ಕೂರುವ ಜಾಗದ ಸುತ್ತಳತೆ ನನಗೆ 34 ಇಂಚು. ಅದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಹತ್ತಿರ ಹತ್ತಿರ 31. ಹೊಲಿಗೆಗೆ ಒಂದು ಇಂಚು ಸೇರಿಸಿ 32 ಉದ್ದ, 9 ಅಗಲ, ಹಿಗ್ಗುವ ದಿಕ್ಕು ಸೊಂಟದ ಸುತ್ತ ಬರುವ ಹಾಗೆ. ಉದ್ದಕ್ಕೆ ಮಡಚಿ ಹೊಲಿದು ತಿರುಗಿಸಿದರೆ ನಾಲ್ಕು ಇಂಚಿನ ಕೊಳವೆ. ಎರಡು ತುದಿ ಸೇರಿಸಿ ಬಳೆ ಮಾಡಿದೆ. ಸೀರೆಗೆ ಪಿಕೋ ಹಾಕುವ ಮೆಷಿನ್ ಇದೆಯಲ್ಲ, ಅದರಲ್ಲಿ ಸಣ್ಣ ಜಿಗ್‌ಜಾಗ್. ಸೂಜಿ 11 ನಂಬರ್ ಬಾಲ್ ಪಾಯಿಂಟ್. ಮಾಮೂಲಿ ಸೂಜಿಯ ಚೂಪು ಲೈಕ್ರಾದ ಎಳೆಯನ್ನೇ ತೂತು ಮಾಡುತ್ತದೆ, ಹೊಲಿಗೆ ತಪ್ಪಿ ತಪ್ಪಿ ಬೀಳುತ್ತದೆ. ಇದರ ಮೊನೆ ಉರುಟು, ಎಳೆಗಳ ಮಧ್ಯೆ ಜಾಗ ಮಾಡಿಕೊಂಡು ಇಳಿಯುತ್ತದೆ. ಹೊರಮೈಯಲ್ಲಿ ಮೂರು ಸೀಳು. ಅಂಚು ಮಡಚಲಿಲ್ಲ, ಈ ಬಟ್ಟೆ ಎಳೆ ಬಿಡುವುದಿಲ್ಲ. ಸೀಳಿನ ಎರಡು ತುದಿಗೆ ಮಾತ್ರ ಗಟ್ಟಿ ಹೊಲಿಗೆ.

ಫೋನನ್ನು ಹೊಟ್ಟೆಯ ಕಡೆ ಇಟ್ಟರೆ ಕುಣಿಯುತ್ತದೆ. ಬೆನ್ನ ಕೆಳಗಿನ ಹಳ್ಳದಲ್ಲಿ ಇಟ್ಟರೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಒಂದು ದಿನ ನಿಜವಾಗಿಯೂ ಮರೆತು ಮನೆಯೆಲ್ಲ ಹುಡುಕಿದೆ.

ಜುಲೈ

ಆಷಾಢ. ಮದುವೆ ಇಲ್ಲ, ಬ್ಲೌಸ್ ಇಲ್ಲ. ಟೈಲರ್‌ಗಳಿಗೆ ಬರಗಾಲ, ಓಡುವವಳಿಗೆ ಸುಗ್ಗಿ. ಭಾನುವಾರದ ದೂರದ ಓಟ 10ರಿಂದ 11, 12, 14ಕ್ಕೆ ಹೋಯಿತು. ಪ್ರತಿ ನಾಲ್ಕನೇ ವಾರ ಕಡಿಮೆ. ಮಳೆ ಹನಿಯುತ್ತಿದ್ದರೆ ಇನ್ನೂ ಸುಖ.

ಸುಖ ಜಾಸ್ತಿಯಾಗಿ ತಲೆ ಕೆಟ್ಟಿತು. 14 ಓಡಿದ ಎರಡನೇ ದಿನವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹರಕೆಯೂ ಇಲ್ಲ, ಏನೂ ಇಲ್ಲ, ಸುಮ್ನೆ ಜಂಬ. ನಂದಿಯ ಹತ್ತಿರವೇ ಎಡ ಹಿಮ್ಮಡಿ ಚುರ್ ಅಂದಿತು. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಯಾರೋ ಸೂಜಿ ನೆಟ್ಟ ಹಾಗೆ. ಹತ್ತು ಹೆಜ್ಜೆ ನಡೆದ ಮೇಲೆ ಕಡಿಮೆ. ಮತ್ತೆ ಒಂದು ಗಂಟೆ ಕೂತು ಎದ್ದರೆ ಮತ್ತೆ ಸೂಜಿ.

ಫಿಸಿಯೋಥೆರಪಿಸ್ಟ್ ನೋಡಿ, ಪಾದದ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಹೋಗುವ ಪಟ್ಟಿ ನೊಂದಿದೆ ಅಂದರು. ಪ್ಲಾಂಟಾರ್ ಫೇಶಿಯೈಟಿಸ್. ಎರಡು ವಾರ ದೂರದ ಓಟ ಬೇಡ. ಅವರು ಕೊಟ್ಟ ವ್ಯಾಯಾಮ ಒಂದೇ. ಮೆಟ್ಟಿಲಿನ ಅಂಚಿನಲ್ಲಿ ಬೆರಳಿನ ಕಡೆ ಊರಿ ನಿಲ್ಲಬೇಕು, ಬೆರಳುಗಳ ಕೆಳಗೆ ಟವೆಲ್ ಸುರುಳಿ ಇಟ್ಟು ಅವನ್ನು ಮೇಲಕ್ಕೆ ಮಡಚಬೇಕು. ಮೂರು ಎಣಿಸುತ್ತಾ ಹಿಮ್ಮಡಿ ಎತ್ತು, ಎರಡು ಎಣಿಸಿ ನಿಲ್ಲು, ಮೂರು ಎಣಿಸುತ್ತಾ ಇಳಿಸು. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ನಮ್ಮ ಅಂಗಡಿಯಲ್ಲಿ ಚಿಂದಿಗೆ ಬರವೇ? ಲೈನಿಂಗ್ ತುಂಡುಗಳನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಒಂದು ಗಟ್ಟಿ ದಿಂಡು ಮಾಡಿ ಅಂಗಡಿ ಮೆಟ್ಟಿಲ ಮೇಲೆ ಇಟ್ಟುಕೊಂಡೆ. ಗಿರಾಕಿ ಬಂದರೆ, "ಏನಕ್ಕಾ ಮಾಡ್ತಿದೀರಾ?" "ಏನಿಲ್ಲಮ್ಮ, ಹಿಮ್ಮಡಿ ಹೊಲೀತಿದೀನಿ."

ಇನ್ನೊಂದು ನಾನೇ ಕಂಡುಕೊಂಡದ್ದು. ನಾನು ಇಡೀ ದಿನ ಬರಿಗಾಲಲ್ಲಿ ಮೋಟಾರಿನ ಪೆಡಲ್ ಮೇಲೆ ಬಲಗಾಲು ಇಟ್ಟಿರುತ್ತೇನೆ, ಎಡಗಾಲು ತಣ್ಣನೆ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ. ನೋವು ಎಡಕ್ಕೇ ಬಂತು. ಕಾರಣ ಅದೇನಾ ಅಂತ ಹೇಳಲಾರೆ. ಅವತ್ತಿನಿಂದ ಅಂಗಡಿಯೊಳಗೂ ಮೆತ್ತನೆ ಚಪ್ಪಲಿ, ಪೆಡಲ್‌ಗೆ ಒಂದು ದಿನ ಬಲ, ಒಂದು ದಿನ ಎಡ. ಎಡಗಾಲಲ್ಲಿ ಹೊಲಿದ ಮೊದಲ ಬ್ಲೌಸನ್ನು ಬಿಚ್ಚಬೇಕಾಯಿತು.

ಆಗಸ್ಟ್

ಶ್ರಾವಣ. ವರಮಹಾಲಕ್ಷ್ಮಿಗೆ ಎಲ್ಲರಿಗೂ ಹಿಂದಿನ ದಿನವೇ ಬ್ಲೌಸ್ ಬೇಕು. ಹಬ್ಬದ ವಾರ ಒಂದೂ ಓಟ ಇಲ್ಲ. ಬೆಳಗಿನ ಸೂಜಿ ಮಾತ್ರ ಆ ಹೊತ್ತಿಗೆ ನಿಂತಿತ್ತು.

ಹಬ್ಬ ಮುಗಿದ ಮೇಲೆ 15, ಆಮೇಲೆ 16, ಕೊನೆಗೆ 18. ಪೂರ್ತಿ 21 ಓಡಿ ನೋಡಲಾ ಅಂದರೆ ಮೇಷ್ಟ್ರು ಬೇಡ ಅಂದರು. "ಮಿಕ್ಕಿದ್ದು ಅವತ್ತು ಓಡಮ್ಮ. ಹಬ್ಬದ ಅಡಿಗೆನ ಹಿಂದಿನ ದಿನ ತಿಂದ್ಬಿಟ್ರೆ?"

ಊಟದ ಪ್ರಯೋಗ ನಡೆದದ್ದೂ ಆಗಲೇ. ಎರಡೂವರೆ, ಮೂರು ಗಂಟೆ ಓಡುವವರು ಗಂಟೆಗೆ 30ರಿಂದ 60 ಗ್ರಾಂನಷ್ಟು ಸಕ್ಕರೆ, ಪಿಷ್ಟ ಹೊಟ್ಟೆಗೆ ಹಾಕಿಕೊಳ್ಳುತ್ತಿರಬೇಕು ಅನ್ನುತ್ತಾರೆ. ಕಡಲೆಕಾಯಿ ಚಿಕ್ಕಿ ಒಯ್ದೆ. ಒಣಗಿದ ಬಾಯಲ್ಲಿ ಅಗಿಯಲು ಆಗಲಿಲ್ಲ, ಚೂರು ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಬೆಲ್ಲದ ಉಂಡೆ ಬೆವರಿಗೆ ಕರಗಿ ಪಟ್ಟಿಯೊಳಗೆ ಪಾಕವಾಯಿತು. ಇರುವೆಗಳು ಎರಡು ದಿನ ಹಬ್ಬ ಮಾಡಿದವು. ಬೀಜ ತೆಗೆದ ಖರ್ಜೂರ ಗೆದ್ದಿತು. ಅರ್ಧ ಗಂಟೆಗೆ ಎರಡು ಅಥವಾ ಮೂರು, ಮೇಲೆ ನೀರು. ಹೊರಡುವ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ಕಾಫಿ. ರಾಗಿ ಅಂಬಲಿ ನನಗೆ ಇಷ್ಟ, ಆದರೆ ಓಡುವಾಗ ಹೊಟ್ಟೆಯಲ್ಲಿ ಕೊಡ ಅಲ್ಲಾಡಿದ ಹಾಗೆ ಆಯಿತು. ಅಂಬಲಿ ಏನಿದ್ದರೂ ಓಡಿ ಬಂದ ಮೇಲೆ.

ಸೆಪ್ಟೆಂಬರ್, ಕಾವೇರಿ ಟ್ರೇಲ್ ಓಟದ ಭಾನುವಾರ

ನಾಲ್ಕೂಕಾಲಿಗೆ ನಮ್ಮನೆಯವರ ಸ್ಕೂಟರಿನಲ್ಲಿ ಹೊರಟೆವು. ಅಂಗಿ, ಪಟ್ಟಿ, ಶೂ ಎಲ್ಲ ಹಳತೇ. ಹೊಸದು ಅಂದರೆ ಎದೆಯ ಮೇಲಿನ ನಂಬರ್ ಒಂದೇ, ನಾಲ್ಕು ಪಿನ್ನು ಹಾಕಿದ್ದು.

ಮೊದಲ ಐದು ಕಿಲೋಮೀಟರ್ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ನನಗೆ ಅಭ್ಯಾಸ ಇತ್ತು. ಒಂದು ಪಕ್ಕ ನಾಲೆ ತುಂಬಿ ಹರಿಯುತ್ತಿತ್ತು, ಇನ್ನೊಂದು ಪಕ್ಕ ಗದ್ದೆಯಲ್ಲಿ ಹಸಿರು ಪೈರು, ಮಧ್ಯೆ ಬೆಳ್ಳಕ್ಕಿ. ನೆಲ ಮಾತ್ರ ಕೆರೆಯ ದಾರಿ ಹಾಗಲ್ಲ. ಕಲ್ಲು, ಕೆಸರು, ಗಾಡಿ ಚಕ್ರದ ಗುಂಡಿ. ಹಕ್ಕಿ ನೋಡುತ್ತಾ ಓಡಿದರೆ ಮುಗ್ಗರಿಸುವುದು ಖಂಡಿತ.

ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಒಬ್ಬರು ಕೂಗಿ ಕೇಳಿದರು.

"ಎಷ್ಟ್ ಕೊಟ್ಟಾರು ಕಣವ್ವಾ ಇದ್ಕೆ?"

"ಅವರು ಕೊಡಲ್ಲ ಕಣಮ್ಮ, ನಾವೇ ದುಡ್ಡು ಕಟ್ಟಿದೀವಿ."

"ಅಯ್ಯೋ ಶಿವ್ನೇ!"

ಅರ್ಧ ದಾರಿ, ತಿರುಗುವ ಜಾಗ, 1 ಗಂಟೆ 27 ನಿಮಿಷ. ಆಗ ಹನಿಯಲು ಶುರುವಾಯಿತು. ಮೊದಲು ಹಿತ. 14ನೇ ಕಿಲೋಮೀಟರಿನ ಹೊತ್ತಿಗೆ ಅಂಗಿ ಪೂರಾ ಒದ್ದೆ. ಅಂಗಿ ಏನೂ ಮಾಡಲಿಲ್ಲ. ಪಟ್ಟಿ ಕೈ ಕೊಟ್ಟಿತು. ನೀರು ಕುಡಿದ ಲೈಕ್ರಾ ಸಡಿಲವಾಗಿ, ಫೋನಿನ ಭಾರಕ್ಕೆ ಕೆಳಗೆ ಜಾರಿ, ಒಂದೊಂದು ಹೆಜ್ಜೆಗೂ ಹಿಂದೆ ಪಟ್ ಪಟ್ ಅಂತ ಬಡಿಯತೊಡಗಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಒಂದು ಕಿಲೋಮೀಟರ್ ಓಡಿದೆ. ಭುಜ ಬಿಗಿಯಿತು, ಉಸಿರು ತಪ್ಪಿತು. ಕಾಲು ಚೆನ್ನಾಗಿಯೇ ಇದೆ, ಹಿಮ್ಮಡಿ ಸುಮ್ಮನಿದೆ, ಒಂದು ಜೇಬಿಗಾಗಿ ನಡೆಯಬೇಕಾ?

ನಿಂತೆ. ನಂಬರಿನ ಕೆಳಗಿನ ಎರಡು ಪಿನ್ನು ಬಿಚ್ಚಿದೆ. ಪಟ್ಟಿಯ ಬಲ ಪಕ್ಕದಲ್ಲಿ ಒಂದು ಇಂಚು, ಎಡ ಪಕ್ಕದಲ್ಲಿ ಒಂದು ಇಂಚು ಮಡಿಕೆ ಹಿಡಿದು ಅಡ್ಡಕ್ಕೆ ಚುಚ್ಚಿದೆ, ಚೂಪು ಹೊರಗಡೆ ಬರುವ ಹಾಗೆ. ಬ್ಲೌಸಿಗೆ ಟಕ್ ಹಿಡಿದ ಹಾಗೆಯೇ. ಒಂದು ನಿಮಿಷವೂ ಹಿಡಿಯಲಿಲ್ಲ. ನಡುಗುವ ಕೈಗೂ ಆ ಕೆಲಸ ಬಾಯಿಪಾಠ. ಹಿಂದಿನಿಂದ ಬಂದ ಹುಡುಗನೊಬ್ಬ, "ಆಂಟಿ, ಆರ್ ಯೂ ಓಕೆ?" ಅಂದ. "ಫಿಟ್ಟಿಂಗ್ ಮಾಡ್ತಿದೀನಪ್ಪಾ, ನೀನು ಓಡು" ಅಂದೆ.

18 ದಾಟಿದ ಮೇಲೆ ನನಗೆ ಗೊತ್ತಿಲ್ಲದ ದೂರ. ತೊಡೆ ಮರಗಟ್ಟಿತು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಏಪ್ರಿಲ್‌ನ ಲೆಕ್ಕಕ್ಕೇ ಹತ್ತಿರ ಬಂದೆ. ನಂಬರ್ ಎರಡೇ ಪಿನ್ನಲ್ಲಿ ಪಟಪಟ ಹಾರುತ್ತಿತ್ತು. ಕೊನೆಯ ಖರ್ಜೂರ ಕೆಸರಿಗೆ ಬಿತ್ತು, ಬಗ್ಗಿ ಎತ್ತುವ ಧೈರ್ಯ ಬರಲಿಲ್ಲ, ಬಗ್ಗಿದರೆ ಏಳುವ ಭರವಸೆ ಇರಲಿಲ್ಲ.

3 ಗಂಟೆ 3 ನಿಮಿಷ. ನಮ್ಮನೆಯವರು ಆ ಕಡೆ ಬೇರೆ ಯಾರದೋ ಫೋಟೋ ತೆಗೆಯುತ್ತಿದ್ದರು. ನಾನು ಅಷ್ಟು ಬೇಗ ಬರುತ್ತೇನೆ ಅಂದುಕೊಂಡಿರಲಿಲ್ಲವಂತೆ.

ಸೋಮವಾರ

ಅಂಗಡಿಯ ಎರಡು ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಪಟ್ಟಿ ಒಣಗಿದ ಮೇಲೆ ಟೇಪು ಹಿಡಿದರೆ 33 ಕಾಲು. ಎರಡು ಕಾಲು ಇಂಚು ಹಿಗ್ಗಿ ಹಾಗೇ ನಿಂತಿದೆ, ವಾಪಸ್ ಬಂದಿಲ್ಲ. ಡ್ಯಾನ್ಸ್ ಡ್ರೆಸ್ಸಿನ ಬಟ್ಟೆ ಹತ್ತು ನಿಮಿಷದ ಹಾಡಿಗೆ ಸಾಕು, ಮೂರು ಗಂಟೆಗೆ ಸಾಲದು. ಹಿಂಭಾಗ ಬಿಚ್ಚಿ, ಒಂದೂವರೆ ಇಂಚಿನ ಎಲಾಸ್ಟಿಕ್ ಒಳಗೆ ಕೂರಿಸಿದೆ. ಫೋನಿನ ಜೇಬಿಗೆ ಒಂದು ಮುಚ್ಚಳ. ಇದನ್ನು ಒದ್ದೆ ಮಾಡಿ ಓಡಿ ನೋಡಬೇಕು, ಆಮೇಲೆ ಅಳತೆ ಬರೆಯುತ್ತೇನೆ.

ಓಟದಲ್ಲಿ ಕೊಟ್ಟ ಟೀ ಶರ್ಟ್ ದೊಡ್ಡದಾಗಿದೆ. ಎರಡೂ ಪಕ್ಕ ಒಂದೊಂದು ಇಂಚು ಹಿಡಿಯಬೇಕು. ದಸರಾ ಬ್ಲೌಸುಗಳು ಮುಗಿಯಲಿ.